ಪಾರ್ಕಿನ ಸೀಸನ್ ಪರವಾನಿಗೆಯ ನವೀಕರಣ: ನಿಮ್ಮ ಕೈಯಲ್ಲಿರುವ ಕಾಗದ ಯಾವುದು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಕನ್ನಡ ಮನೆ. ಇಲ್ಲಿನ ಒಂದು ನಗರಸಭೆಯ ಪಾರ್ಕಿನಲ್ಲಿ ನನ್ನ ಯಜಮಾನರು ಪ್ರತಿ ವರ್ಷ ಡಿಸೆಂಬರಿನಿಂದ ಮೇ ಕೊನೆಯವರೆಗೆ ಕೈಗಾಡಿ ಇಟ್ಟು ಚುರುಮುರಿ, ಬೇಯಿಸಿದ ನೆಲಗಡಲೆ, ಬೊಂಡ (ಎಳನೀರು) ಮಾರುತ್ತಿದ್ದರು. ಈ ಮಳೆಗಾಲದ ಆರಂಭದಲ್ಲಿ ಅವರಿಗೆ ಪಕ್ಷವಾತವಾಗಿ ಬಲಗೈ ಸ್ವಾಧೀನ ತಪ್ಪಿತು. ಪರವಾನಿಗೆ ನವೀಕರಿಸಲು ಹೋದಾಗ ಕೌಂಟರಿನಲ್ಲಿ ‘ಇದು ಮುಗಿದ ಕಾಗದ, ನವೀಕರಣ ಇಲ್ಲ’ ಎಂದರು. ಹತ್ತು ವರ್ಷ ಒಂದೇ ಜಾಗದಲ್ಲಿ ಕುಳಿತವರನ್ನು ಯಾರೂ ಎಬ್ಬಿಸುವಂತಿಲ್ಲ ಎಂದು ಪಕ್ಕದ ವ್ಯಾಪಾರಿಗಳು ಹೇಳುತ್ತಾರೆ. ಈ ಸಲ ತಾನು ವ್ಯಾಪಾರ ನಡೆಸಿ ದಿನಕ್ಕೆ ಇಷ್ಟೆಂದು ಕೊಡುತ್ತೇನೆ ಎಂದು ಮೈದುನ ಹೇಳುತ್ತಾನೆ. ಬೀದಿ ವ್ಯಾಪಾರಿಗಳಿಗೆ ಕೊಡುವ ಸ್ವನಿಧಿ ಸಾಲ ಸಿಕ್ಕಿರುವುದರಿಂದ ಬೇರೆ ಕಾಗದವೇ ಬೇಡ ಎಂದವರೂ ಇದ್ದಾರೆ. ಅರ್ಜಿ ನಮೂನೆ ಮಲಯಾಳದಲ್ಲಿದೆ, ನನಗೆ ಓದಲು ಬಾರದು. ಎಲ್ಲವನ್ನೂ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಯಜಮಾನರ ಜಾಗ ಈ ಡಿಸೆಂಬರಿನಲ್ಲಿ ಬೇರೆಯವರ ಪಾಲಾಗುವುದೇ ಎಂಬುದು ಒಂದು. ಅವರು ಗಾಡಿಯ ಹಿಂದೆ ನಿಲ್ಲಲಾರದ ಈ ಸ್ಥಿತಿಯಲ್ಲಿ ನೀವು ಕಾನೂನಿನ ಪ್ರಕಾರ ಅಲ್ಲಿ ನಿಲ್ಲಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಭರವಸೆಯದ್ದಾಗಿದೆ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮ ಕೈಯಲ್ಲಿರುವ ಕಾಗದ ಯಾವ ಬಗೆಯದೆಂದು ಗೊತ್ತಾಗಬೇಕು. ನಗರಸಭೆಗಳ ಕಂದಾಯ ವಿಭಾಗದ ಕೆಲಸವನ್ನು ಹತ್ತಿರದಿಂದ ಬಲ್ಲವನಾಗಿ ಹೇಳುತ್ತೇನೆ: ನವೀಕರಣಕ್ಕೆ ಬಂದು ಬರಿಗೈಯಲ್ಲಿ ಮರಳುವವರಲ್ಲಿ ಹೆಚ್ಚಿನವರಿಗೆ ಅರ್ಹತೆ ಇರುತ್ತದೆ, ಒಂದು ಬಗೆಯ ಕಾಗದವನ್ನು ಹಿಡಿದುಕೊಂಡು ಇನ್ನೊಂದು ಬಗೆಯ ಕಾಗದಕ್ಕೆ ಸಲ್ಲುವ ಹಕ್ಕನ್ನು ಕೇಳುವುದರಿಂದ ಅವರ ಅರ್ಜಿ ಬಿದ್ದುಹೋಗುತ್ತದೆ.

ಪಾರ್ಕಿನ ವ್ಯಾಪಾರಿಗಳ ಬಳಿ ಸಾಮಾನ್ಯವಾಗಿ ಮೂರು ಬಗೆಯ ಕಾಗದಗಳಿರುತ್ತವೆ. ಅವುಗಳಲ್ಲಿ ಗಟ್ಟಿಯಾದದ್ದು ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಕೊಡುವ ವ್ಯಾಪಾರ ಪ್ರಮಾಣಪತ್ರ. ಇದು ಸಂಸತ್ತು ಮಾಡಿದ ಕಾಯ್ದೆ. 2014ರ ಮೇ 1ರಿಂದ ಜಾರಿಯಲ್ಲಿದ್ದು, ಪೇಟೆ ಪಟ್ಟಣಗಳ ವ್ಯಾಪಾರಿಗಳಿಗೆ ಅನ್ವಯಿಸುತ್ತದೆ. ಪ್ರಮಾಣಪತ್ರವನ್ನು ಕೊಡುವುದು ಪಟ್ಟಣ ವ್ಯಾಪಾರ ಸಮಿತಿ. ಆ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಾಗದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಪ್ರಮಾಣಪತ್ರದ ಅವಧಿ, ಶುಲ್ಕ, ನವೀಕರಣದ ವಿಧಾನ ಇವನ್ನೆಲ್ಲ ಈ ಕಾಯ್ದೆಯ ಅಡಿಯಲ್ಲಿ ರಾಜ್ಯ ಸರಕಾರ ಮಾಡುವ ಸ್ಕೀಮ್ ಗೊತ್ತುಪಡಿಸುತ್ತದೆ. ಆದರೆ ಪ್ರಮಾಣಪತ್ರವನ್ನು ನವೀಕರಿಸಬಹುದು ಎಂಬ ಮೂಲ ಮಾತು ಕಾಯ್ದೆಯ 9ನೆಯ ಸೆಕ್ಷನ್‌ನಲ್ಲಿಯೇ ಇದೆ. ಆದ್ದರಿಂದ ನಿಮ್ಮದು ಈ ಬಗೆಯ ಕಾಗದವಾಗಿದ್ದರೆ ‘ನವೀಕರಣ ಇಲ್ಲ’ ಎಂಬ ಕೌಂಟರಿನ ಮಾತು ಹಾಗೆಯೇ ಒಪ್ಪಿಕೊಳ್ಳತಕ್ಕದ್ದಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನವಿಟ್ಟು ನೋಡಬೇಕು. ಸೀಸನ್ ಮುಗಿಯುವುದು ಬೇರೆ, ಪ್ರಮಾಣಪತ್ರದ ಅವಧಿ ಮುಗಿಯುವುದು ಬೇರೆ. ಪ್ರಮಾಣಪತ್ರ ಕೆಲವು ವರ್ಷಗಳದ್ದಾಗಿದ್ದು, ಅದರಲ್ಲಿ ವ್ಯಾಪಾರದ ಕಾಲವನ್ನು ಡಿಸೆಂಬರಿನಿಂದ ಮೇ ಎಂದು ಷರತ್ತಾಗಿ ಬರೆದಿದ್ದರೆ, ಮೇ 31ಕ್ಕೆ ಮುಗಿದದ್ದು ಆ ವರ್ಷದ ಸೀಸನ್ ಮಾತ್ರ. ಆಗ ಮುಂದಿನ ಡಿಸೆಂಬರಿಗೆ ಬೇಕಾಗುವುದು ಶುಲ್ಕ ಕಟ್ಟಿದ ದಾಖಲೆಯೇ ಹೊರತು ಹೊಸ ಪ್ರಮಾಣಪತ್ರವಲ್ಲ. ‘ಅವಧಿ’ ಎಂಬ ಕಾಲಮಿನಲ್ಲಿ ಏನಿದೆ, ‘ಷರತ್ತು’ ಎಂಬಲ್ಲಿ ಏನಿದೆ ಎಂದು ಮಲಯಾಳ ಬಲ್ಲ, ನಿಮ್ಮ ನಂಬಿಕೆಯ ಒಬ್ಬರಿಂದ ಓದಿಸಿಕೊಳ್ಳಿ.

ಎರಡನೆಯ ಬಗೆ, ಪಾರ್ಕಿನೊಳಗಿನ ಜಾಗವನ್ನೋ ಗೂಡಂಗಡಿಯನ್ನೋ ನಗರಸಭೆ ಏಲಂ ಅಥವಾ ಟೆಂಡರಿನ ಮೂಲಕ ಇಂತಿಷ್ಟು ತಿಂಗಳಿಗೆಂದು ಬಿಟ್ಟುಕೊಡುವ ಕರಾರು. ಇದರಲ್ಲಿ ಠೇವಣಿ ಇರುತ್ತದೆ, ಕರಾರಿನ ದಿನಾಂಕಗಳು ಸ್ಪಷ್ಟವಾಗಿರುತ್ತವೆ. ಆ ದಿನ ಕಳೆದರೆ ಸಂಬಂಧವೂ ಮುಗಿಯುತ್ತದೆ. ಕರಾರಿನಲ್ಲಿಯೇ ಮುಂದುವರಿಕೆಯ ಮಾತಿಲ್ಲದಿದ್ದರೆ ನವೀಕರಣವನ್ನು ಹಕ್ಕಾಗಿ ಕೇಳಲು ಬರುವುದಿಲ್ಲ; ಮುಂದಿನ ಏಲಂನಲ್ಲಿ ಭಾಗವಹಿಸುವುದೇ ದಾರಿ. ನಿಮ್ಮದು ಇದಾಗಿದ್ದರೆ ಕೌಂಟರಿನವರು ಹೇಳಿದ್ದು ಸರಿ, ಹೇಳಿದ ರೀತಿ ಮಾತ್ರ ಅಪೂರ್ಣ. ಮೂರನೆಯದು ದಿನದ ಅಥವಾ ತಿಂಗಳ ನೆಲಬಾಡಿಗೆಯ ರಶೀದಿ. ಅದು ಹಣ ಕಟ್ಟಿದ್ದಕ್ಕೆ ಸಾಕ್ಷಿ, ಅನುಮತಿಯಲ್ಲ. ಹಾಗೆಂದು ಆ ರಶೀದಿಗಳನ್ನು ಎಸೆಯಬೇಡಿ. ಅದೇ ಜಾಗದಲ್ಲಿ ನಿಮ್ಮ ಯಜಮಾನರು ವ್ಯಾಪಾರ ಮಾಡುತ್ತಿದ್ದರೆಂದು ತೋರಿಸಲು ಅವುಗಳಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಇನ್ನು ನೀವು ಕೇಳಿದ ಮಾತುಗಳಿಗೆ ಬರೋಣ. ಹತ್ತು ವರ್ಷ ಕುಳಿತರೆ ಜಾಗ ತನ್ನದಾಗುತ್ತದೆ ಎಂಬ ನಂಬಿಕೆ ಜಿಲ್ಲೆಯ ಎಲ್ಲ ಪೇಟೆಗಳಲ್ಲಿಯೂ ಇದೆ, ಮತ್ತು ಅದು ತಪ್ಪು. ಬೀದಿಬದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆಗೆ ಒಳಪಟ್ಟ ಉದ್ಯೋಗವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1989ರಲ್ಲಿ, ದೆಹಲಿಯ ವ್ಯಾಪಾರಿಗಳ ಪ್ರಕರಣದಲ್ಲಿ ಒಪ್ಪಿಕೊಂಡಿತು. ಆದರೆ ಇಂಥದೇ ಜಾಗ ಬೇಕೆಂಬ ಹಕ್ಕು ಯಾರಿಗೂ ಇಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಿತು. 2014ರ ಕಾಯ್ದೆಯ 29ನೆಯ ಸೆಕ್ಷನ್ ಕೂಡ ಗೊತ್ತುಪಡಿಸಿದ ಜಾಗದ ಮೇಲೆ ವ್ಯಾಪಾರಿಗೆ ತಾತ್ಕಾಲಿಕವಾದ ಅಥವಾ ಶಾಶ್ವತವಾದ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ನೇರವಾಗಿ ಹೇಳುತ್ತದೆ. ಹಾಗಾದರೆ ವರ್ಷಗಟ್ಟಲೆ ಅಲ್ಲಿ ನಿಂತದ್ದಕ್ಕೆ ಬೆಲೆಯೇ ಇಲ್ಲವೇ? ಇದೆ. ಕಾಯ್ದೆಯ ಪ್ರಕಾರ ಐದು ವರ್ಷಗಳಿಗೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರಗಳನ್ನು ಕೊಡುವವರೆಗೆ ಇದ್ದವರನ್ನು ಒಕ್ಕಲೆಬ್ಬಿಸುವಂತಿಲ್ಲ, ಮತ್ತು ಜಾಗ ಬದಲಿಸಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ನಿಮ್ಮ ಯಜಮಾನರ ಹೆಸರು ಸಮೀಕ್ಷೆಯಲ್ಲಿ ಸೇರಿದೆಯೇ ಎಂಬುದು ಈ ಕಾರಣದಿಂದ ಮುಖ್ಯ. ಕೇರಳದ ನಗರಗಳಲ್ಲಿ ಈ ಕೆಲಸದಲ್ಲಿ ಹೆಂಗಸರ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀ ತೊಡಗಿಕೊಂಡಿರುವುದರಿಂದ ನಿಮ್ಮ ವಾರ್ಡಿನ ಕುಟುಂಬಶ್ರೀಯವರಲ್ಲಿ ಮೊದಲು ವಿಚಾರಿಸಿ.

ಸ್ವನಿಧಿಯ ಮಾತು ಇನ್ನೂ ಅಪಾಯದ್ದು. ಪ್ರಧಾನಮಂತ್ರಿ ಸ್ವನಿಧಿ 2020ರ ಜೂನ್‌ನಲ್ಲಿ ಆರಂಭವಾದ ದುಡಿಮೆಯ ಬಂಡವಾಳದ ಸಾಲ ಯೋಜನೆ. ಸಮೀಕ್ಷೆಯಿಂದ ಬಿಟ್ಟುಹೋದವರೂ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರದಿಂದ ಆ ಸಾಲ ಪಡೆಯಬಹುದು. ಹಾಗಾಗಿ ಸಾಲ ಸಿಕ್ಕಿರುವುದರಿಂದ ನೀವು ವ್ಯಾಪಾರಿ ಕುಟುಂಬವೆಂಬುದು ತಿಳಿಯುತ್ತದೆಯೇ ಹೊರತು, ಪಾರ್ಕಿನಲ್ಲಿ ಗಾಡಿ ಇಡಲು ಅನುಮತಿ ಇದೆಯೆಂದು ಆಗುವುದಿಲ್ಲ. ಬ್ಯಾಂಕಿನ ಪತ್ರವನ್ನು ಅರ್ಜಿಯ ಜೊತೆ ಪೂರಕ ದಾಖಲೆಯಾಗಿ ಇಡಿ, ಅಷ್ಟೇ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಯಜಮಾನರ ಅನಾರೋಗ್ಯದಲ್ಲಿ. ಇಲ್ಲಿ ಕಾಯ್ದೆ ನಿಮ್ಮ ಪರವಾಗಿದೆ. 5ನೆಯ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಹೊಂದಿದವರು ತೀರಿಕೊಂಡರೆ, ಶಾಶ್ವತವಾಗಿ ಅಂಗವಿಕಲರಾದರೆ ಅಥವಾ ಕಾಯಿಲೆ ಬಿದ್ದರೆ, ಆ ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಅವರ ಜಾಗದಲ್ಲಿ ಮೊದಲು ಪತಿ ಅಥವಾ ಪತ್ನಿ, ಅವರಿಲ್ಲದಿದ್ದರೆ ಅವಲಂಬಿತ ಮಗ ಅಥವಾ ಮಗಳು ವ್ಯಾಪಾರ ಮಾಡಬಹುದು. ಪಕ್ಷವಾತ ಶಾಶ್ವತವೋ ಅಲ್ಲವೋ ಎಂದು ವೈದ್ಯಕೀಯ ಮಂಡಳಿ ನಿರ್ಧರಿಸುವವರೆಗೆ ನೀವು ಕಾಯಬೇಕಾಗಿಲ್ಲ. ಕಾಯಿಲೆಯೇ ಸಾಕಾದ ಕಾರಣವಾಗಿರುವುದರಿಂದ ಚಿಕಿತ್ಸೆ ಮಾಡುತ್ತಿರುವ ವೈದ್ಯರ ಪ್ರಮಾಣಪತ್ರ, ಮದುವೆಯ ಸಂಬಂಧವನ್ನು ತೋರಿಸುವ ರೇಷನ್ ಕಾರ್ಡು ಇವುಗಳ ಪ್ರತಿ ಇಟ್ಟು ‘ಪತಿಯ ಬದಲಿಗೆ ನಾನು ವ್ಯಾಪಾರ ನಡೆಸುತ್ತೇನೆ’ ಎಂದು ಲಿಖಿತವಾಗಿ ತಿಳಿಸಿ. ಆದರೆ ಈ ಅವಕಾಶ ಉಳಿದಿರುವ ಅವಧಿಗೆ ಮಾತ್ರ. ಅವಧಿಯೇ ಮುಗಿದಿದ್ದರೆ ಬದಲಿ ಹಕ್ಕು ಎಂಬುದು ಉಳಿಯುವುದಿಲ್ಲ; ಆಗ ನಿಮ್ಮ ಹೆಸರಿನಲ್ಲಿಯೇ ಹೊಸ ಪ್ರಮಾಣಪತ್ರ ಕೇಳಬೇಕು. ಪ್ರಮಾಣಪತ್ರ ಕೊಡುವಾಗ ಹೆಂಗಸರಿಗೂ ಅಂಗವಿಕಲರಿಗೂ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೂ ಆದ್ಯತೆ ಇರಬೇಕೆಂದು 7ನೆಯ ಸೆಕ್ಷನ್ ಹೇಳುತ್ತದೆ. ಅರ್ಜಿಯಲ್ಲಿ ಈ ಸೆಕ್ಷನಿನ ಸಂಖ್ಯೆಯನ್ನು ಬರೆಯಿರಿ. ಸಂಖ್ಯೆ ಇದ್ದ ಅರ್ಜಿಯನ್ನು ಬದಿಗಿಡಲು ಗುಮಾಸ್ತರು ಹಿಂಜರಿಯುತ್ತಾರೆ.

ಮೈದುನನ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೂ ದಿನಕ್ಕಿಷ್ಟೆಂದು ಕೊಡುವ ಏರ್ಪಾಡು ಕಾನೂನಿನ ಕಣ್ಣಿಗೆ ಜಾಗವನ್ನು ಬಾಡಿಗೆಗೆ ಕೊಟ್ಟಂತೆ. ಪ್ರಮಾಣಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆಯೂ ಸೇರಿದಂತೆ ಯಾವ ರೂಪದಲ್ಲಿಯೂ ಬೇರೆಯವರಿಗೆ ವರ್ಗಾಯಿಸುವುದಿಲ್ಲವೆಂದು ವ್ಯಾಪಾರಿ ಮೊದಲೇ ಮುಚ್ಚಳಿಕೆ ಕೊಟ್ಟಿರುತ್ತಾನೆ. ಅದನ್ನು ಮುರಿದರೆ 10ನೆಯ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಅಮಾನತಾಗಬಹುದು, ರದ್ದೂ ಆಗಬಹುದು. ಬದಲಿಯಾಗಿ ನಿಲ್ಲಬಹುದಾದವರ ಕ್ರಮದಲ್ಲಿ ತಮ್ಮನ ಹೆಸರಿಲ್ಲ. ಗಾಡಿ ತಳ್ಳಿಕೊಡಲು, ಬೊಂಡದ ಗೊನೆ ಇಳಿಸಲು ಅವನು ಬರಲಿ. ವ್ಯಾಪಾರ ನಿಮ್ಮದಾಗಿರಲಿ, ಗುರುತಿನ ಚೀಟಿ ನಿಮ್ಮ ಬಳಿಯಿರಲಿ.

ನವೀಕರಣ ಪ್ರತಿ ವರ್ಷ ಹೀಗೆ ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೂ ಕಾರಣಗಳಿವೆ. ನಮ್ಮ ಕಡೆಯ ಪಾರ್ಕುಗಳ ಸೀಸನ್ ಮಳೆ ನಿಂತು ಚಳಿ ಬೀಳುವಾಗ ಆರಂಭವಾಗಿ, ಏಪ್ರಿಲ್ ಮೇ ತಿಂಗಳ ಶಾಲಾ ರಜೆಯಲ್ಲಿ ಏರಿ, ಜೂನಿನ ಮಳೆಗೆ ಮುಗಿಯುತ್ತದೆ. ನಗರಸಭೆಯ ಲೆಕ್ಕ ಮಾತ್ರ ಮಾರ್ಚ್ 31ಕ್ಕೆ ಮುಚ್ಚುತ್ತದೆ. ಹೀಗೆ ಒಂದೇ ಸೀಸನ್ ಎರಡು ಹಣಕಾಸು ವರ್ಷಗಳಿಗೆ ಹಂಚಿಹೋಗುವುದರಿಂದ, ಡಿಸೆಂಬರಿನಲ್ಲಿ ಕಟ್ಟಿದ ಶುಲ್ಕ ಮಾರ್ಚಿಗೆ ಮುಗಿಯಿತೆಂದು ಒಂದು ರಿಜಿಸ್ಟರ್ ಹೇಳಿದರೆ, ಅನುಮತಿ ಮೇ ತನಕ ಇದೆಯೆಂದು ಇನ್ನೊಂದು ಕಡತ ಹೇಳುತ್ತದೆ, ಮತ್ತು ಆ ಎರಡು ತಿಂಗಳ ಶುಲ್ಕ ನಿಮ್ಮ ಹೆಸರಿನಲ್ಲಿ ಬಾಕಿ ಎಂದು ಬಿದ್ದಿರುತ್ತದೆ. ನಿಮ್ಮ ವಿಷಯದಲ್ಲಿಯೂ ಹೀಗಾಗಿದೆಯೇ ಎಂದು ಬಾಕಿ ವಿವರ ಕೇಳಿ ತಿಳಿದುಕೊಳ್ಳಿ. ಇದರ ಜೊತೆಗೆ, ಕೇರಳದ ಸ್ಥಳೀಯ ಚುನಾವಣೆಗಳು 2020ರಲ್ಲಿಯೂ 2025ರಲ್ಲಿಯೂ ಡಿಸೆಂಬರಿನಲ್ಲಿಯೇ ನಡೆದವು. ಅಂಥ ವರ್ಷಗಳಲ್ಲಿ ನೀತಿಸಂಹಿತೆ, ಹೊಸ ಆಡಳಿತ ಸಮಿತಿಯ ರಚನೆ ಇವೆಲ್ಲ ಸರಿಯಾಗಿ ಸೀಸನಿನ ಬಾಯಿಗೇ ಬಂದು ನಿಲ್ಲುತ್ತವೆ.

ಪಾರ್ಕು ರಸ್ತೆಯ ಬದಿಯಂತಲ್ಲ ಎಂಬುದೂ ನೆನಪಿರಲಿ. ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಬಿಟ್ಟುಕೊಟ್ಟ ಬೆಂಗಳೂರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಆ ಕ್ರಮವನ್ನು ಒಪ್ಪಲಿಲ್ಲ. ಬಯಲು ಜಾಗ ಸಾರ್ವಜನಿಕರಿಗಾಗಿಯೇ ಉಳಿಯಬೇಕೆಂಬ ಈ ನಿಲುವಿನ ಕಾರಣದಿಂದ ಪಾರ್ಕಿನೊಳಗೆ ಖಾಯಂ ರಚನೆಗೆ ಅನುಮತಿ ಕೊಡಲು ಅಧಿಕಾರಿಗಳು ಹಿಂದೆಮುಂದೆ ನೋಡುತ್ತಾರೆ. ಅದು ನ್ಯಾಯವೂ ಹೌದು. ನಿಮ್ಮ ಗಾಡಿಗೆ ಚಕ್ರಗಳಿರಲಿ, ಸಂಜೆ ಅಲ್ಲಿಂದ ತೆರವಾಗಲಿ. ತಗಡಿನ ಮಾಡು ಹಾಕಿ ಕಂಬ ನೆಟ್ಟರೆ ಮುಂದಿನ ವರ್ಷದ ನವೀಕರಣಕ್ಕೆ ನೀವೇ ಅಡ್ಡಿ ತಂದುಕೊಂಡಂತಾಗುತ್ತದೆ.

ಜಾಗ ಯಾರದೆಂಬುದನ್ನು ಕೂಡ ಒಮ್ಮೆ ಖಚಿತಪಡಿಸಿಕೊಳ್ಳಿ. ಪಾರ್ಕಿನ ಗೇಟಿನ ಒಳಗೆ ನಗರಸಭೆಯ ಅಧಿಕಾರವಿದ್ದರೂ ಹೊರಗಿನ ನಾಲ್ಕು ಅಡಿ ಬೇರೆಯವರದ್ದಾಗಿರಬಹುದು. ರೈಲ್ವೆಯ ಒಡೆತನದಲ್ಲಿರುವ ಜಾಗಕ್ಕೆ 2014ರ ಕಾಯ್ದೆ ಅನ್ವಯಿಸುವುದೇ ಇಲ್ಲ. ಹೆದ್ದಾರಿಯ ಜಾಗಕ್ಕೆ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆ ಇದೆ. ಬೇಕಲ ಕೋಟೆಯಂಥ ಸಂರಕ್ಷಿತ ಸ್ಮಾರಕದ ಒಳಗೆ ಮಾರಲು ಪುರಾತತ್ವ ಇಲಾಖೆಯ ಅಧಿಕಾರಿಯ ಲೈಸೆನ್ಸ್ ಬೇಕು. ನಗರಸಭೆಯ ಕಾಗದ ಹಿಡಿದು ಇಂಥ ಜಾಗಗಳಿಗೆ ಗಾಡಿ ಸರಿಸಿದರೆ ಆ ಕಾಗದದಿಂದ ರಕ್ಷಣೆ ಸಿಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಪ್ರಮಾಣಪತ್ರದ ಅವಧಿ ಇನ್ನೂ ಇದ್ದರೆ ಬದಲಿ ವ್ಯಾಪಾರದ ಪತ್ರ ಕೊಟ್ಟು, ಬಾಕಿ ಕಟ್ಟಿ, ಡಿಸೆಂಬರಿನಲ್ಲಿ ನೀವೇ ಆರಂಭಿಸುವುದು ಅತ್ಯಂತ ಸುರಕ್ಷಿತ. ಅವಧಿ ಮುಗಿಯುವ ಮೊದಲೇ ನಿಮ್ಮ ಹೆಸರಿನ ಅರ್ಜಿಯನ್ನೂ ಹಾಕಿಬಿಡಬೇಕು, ಇಲ್ಲದಿದ್ದರೆ ನಡುವೆ ಕಾಗದವಿಲ್ಲದ ಒಂದು ಸೀಸನ್ ಬಂದೀತು. ಅವಧಿ ಮುಗಿದಿದ್ದರೆ ಹೊಸ ಅರ್ಜಿ ಅನಿವಾರ್ಯ. ಸಮಿತಿ ಸಭೆ ಸೇರುವುದು ತಡವಾದರೆ ಸೀಸನ್ ಕೈತಪ್ಪುವ ಅಪಾಯ ಇದರಲ್ಲಿದೆ. ಏಲಂ ಕರಾರಾಗಿದ್ದರೆ ಠೇವಣಿ ಮರಳಿ ಪಡೆದು ಹೊಸ ಏಲಂಗೆ ಹೋಗಬಹುದು, ಆದರೆ ಪೈಪೋಟಿಯಲ್ಲಿ ಹಿಂದಿನ ಸೀಸನಿನ ಆದಾಯ ಹೊರಲಾರದಷ್ಟು ಮೊತ್ತಕ್ಕೆ ಕೂಗಿ ಸಾಲಕ್ಕೆ ಬಿದ್ದವರನ್ನು ನಾನು ಬಲ್ಲೆ. ನನ್ನ ಅಭಿಪ್ರಾಯ ಕೇಳುವುದಾದರೆ, ಕೈಗಾಡಿಯ ವ್ಯಾಪಾರಕ್ಕೆ ಏಲಂಗಿಂತ 2014ರ ಕಾಯ್ದೆಯ ಪ್ರಮಾಣಪತ್ರವೇ ಸರಿಯಾದ ದಾರಿ. ಒಂದು ಸೀಸನ್ ಪಾರ್ಕಿನ ಬದಲು ಬೇರೆ ವ್ಯಾಪಾರ ವಲಯದಲ್ಲಿ ನಿಲ್ಲಬೇಕಾಗಿ ಬಂದರೂ ಅದನ್ನೇ ಹಿಡಿಯುವುದು ಒಳ್ಳೆಯದು.

ಭಾಷೆಯ ವಿಷಯದಲ್ಲಿ ಹೆದರಬೇಡಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಕನ್ನಡಿಗರು ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂಬ ಏರ್ಪಾಡು ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿದೆ. ಹಕ್ಕು ಹೀಗಿದ್ದರೂ ಕೆಲಸ ಬೇಗ ಸಾಗಬೇಕೆಂದರೆ ಮಲಯಾಳದ ನಮೂನೆಯನ್ನು ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ತುಂಬಿಸಿ, ನಿಮ್ಮ ಕನ್ನಡದ ಪತ್ರವನ್ನು ಅದರ ಜೊತೆ ಲಗತ್ತಿಸಿ. ಏನು ಬರೆದಿದೆಯೆಂದು ತಿಳಿಯದೆ ಮಾತ್ರ ಸಹಿ ಹಾಕಬೇಡಿ. ಗಡಿನಾಡಿನ ನಮಗೆ ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಆಧಾರಿನಲ್ಲಿ ಮನೆಹೆಸರು, ರೇಷನ್ ಕಾರ್ಡಿನಲ್ಲಿ ಇನಿಶಿಯಲ್, ಹಳೆಯ ಪರವಾನಿಗೆಯಲ್ಲಿ ಮಲಯಾಳದಲ್ಲಿ ಬರೆಯುವಾಗ ಬದಲಾದ ಅಕ್ಷರ ಎಂದಾದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ದೃಢೀಕರಣವನ್ನು ವಿಲ್ಲೇಜ್ ಆಫೀಸಿನಿಂದ ಈಗಲೇ ಪಡೆದಿಡಿ.

ತಿನ್ನುವ ವಸ್ತು ಮಾರುವವರಾದ್ದರಿಂದ ಆಹಾರ ಸುರಕ್ಷತೆಯ ದಾಖಲೆಗಳೂ ನಿಮ್ಮ ಹೆಸರಿಗೆ ಬರಬೇಕು. ಯಜಮಾನರ ಹೆಲ್ತ್ ಕಾರ್ಡು ನಿಮಗೆ ಸಲ್ಲದು. ಕೇರಳದಲ್ಲಿ 2023ರಿಂದ ಇದರ ಬಗ್ಗೆ ಬಿಗಿ ಹೆಚ್ಚಾಗಿದೆ, ಟೈಫಾಯಿಡ್ ಚುಚ್ಚುಮದ್ದೂ ಅದರಲ್ಲಿ ಸೇರಿದೆ. ನೆಲಗಡಲೆ ಬೇಯಿಸಲು ಮನೆಯ ಸಿಲಿಂಡರನ್ನು ಪಾರ್ಕಿಗೆ ಒಯ್ಯಬೇಡಿ, ಗೃಹಬಳಕೆಯ ಅನಿಲವನ್ನು ವ್ಯಾಪಾರಕ್ಕೆ ಬಳಸುವುದು ನಿಷಿದ್ಧ. ಬೊಂಡಕ್ಕೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದಕ್ಕೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಕಟ್ಟಿದ ಶುಲ್ಕದ ರಶೀದಿಗಳನ್ನೂ ತೆಗೆದಿಡಿ.

ಹಣ ಕೇಳುತ್ತಿರುವವರಿಂದ ದೂರವಿರಿ. ಇದು ಅವರ ಮೇಲಿನ ಸಂಶಯದಿಂದ ಹೇಳುವ ಮಾತಷ್ಟೇ ಅಲ್ಲ. ಮಧ್ಯವರ್ತಿಗಳು ಬೇಗ ಆಗಲೆಂದು ತಪ್ಪು ವಿವರ ತುಂಬುವುದುಂಟು, ಮತ್ತು ಸುಳ್ಳು ಮಾಹಿತಿಯಿಂದ ಪಡೆದ ಪ್ರಮಾಣಪತ್ರ ರದ್ದಾದಾಗ ನಷ್ಟವಾಗುವುದು ಸಹಿ ಹಾಕಿದ ನಿಮಗೆ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ. ಕಾರಣವನ್ನು ಬರೆದು ಕೊಡುವಂತೆ ವಿನಯದಿಂದ, ಆದರೆ ಲಿಖಿತವಾಗಿ ಕೇಳಿ. ಪ್ರಮಾಣಪತ್ರ ಕೊಡದಿದ್ದರೆ ಅಥವಾ ರದ್ದುಪಡಿಸಿದರೆ 11ನೆಯ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಉಳಿದ ದೂರುಗಳಿಗೆ 20ನೆಯ ಸೆಕ್ಷನಿನ ಕುಂದುಕೊರತೆ ಸಮಿತಿ ಇದೆ, ಅದರ ಅಧ್ಯಕ್ಷರು ಸಿವಿಲ್ ನ್ಯಾಯಾಧೀಶರೋ ಮ್ಯಾಜಿಸ್ಟ್ರೇಟರೋ ಆಗಿದ್ದವರಾಗಿರಬೇಕು. ಕಡತದಲ್ಲಿ ಏನಿದೆಯೆಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು, 30 ದಿನಗಳಲ್ಲಿ ಉತ್ತರ ಕೊಡಬೇಕು. ಅದನ್ನು ಮಳೆ ಬಿಡುವ ಮೊದಲೇ ಹಾಕಿದರೆ ಉತ್ತರ ಸೀಸನಿಗೆ ಮುಂಚೆ ನಿಮ್ಮ ಕೈಸೇರುತ್ತದೆ. ನವೆಂಬರಿನ ಕೊನೆಗೂ ನಿರ್ಧಾರ ಬಾರದಿದ್ದರೆ, ಅರ್ಜಿ ತೀರ್ಮಾನವಾಗುವವರೆಗೆ ಹಿಂದಿನ ಷರತ್ತುಗಳಲ್ಲಿಯೇ ತಾತ್ಕಾಲಿಕ ಅನುಮತಿ ಕೊಡಬೇಕೆಂದು ಸ್ವೀಕೃತಿಯ ಪ್ರತಿಯೊಡನೆ ನಗರಸಭೆಯ ಕಾರ್ಯದರ್ಶಿಗೆ ಮನವಿ ಕೊಡಿ, ಅದರ ಒಂದು ಪ್ರತಿಯನ್ನು ವಾರ್ಡಿನ ಕೌನ್ಸಿಲರಿಗೂ ತಲುಪಿಸಿ.